ಫೈಲು ಕೈಯಲ್ಲಿದ್ದೂ ಹೆಸರು ಕೇಳುವುದೇಕೆ?

ಪ್ರಶ್ನೆ: ಎರಡು ತಿಂಗಳ ಹಿಂದೆ ನನ್ನ ತಾಯಿಗೆ (72 ವರ್ಷ) ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಡ ಮೊಣಗಂಟು ಬದಲಾಯಿಸುವ ಶಸ್ತ್ರಚಿಕಿತ್ಸೆ ಆಯಿತು. ದಾಖಲಾದಂದಿನಿಂದ ಓಟಿಯ ಬಾಗಿಲಿನವರೆಗೆ ಕೌಂಟರಿನವರು, ವಾರ್ಡಿನ ಸಿಸ್ಟರ್, ರಕ್ತ ತೆಗೆಯುವವರು, ಕಿರಿಯ ವೈದ್ಯರು, ಅರಿವಳಿಕೆಯ ವೈದ್ಯರು ಎಲ್ಲರೂ ಅದನ್ನೇ ಕೇಳಿದರು: ಹೆಸರೇನು, ಹುಟ್ಟಿದ ದಿನಾಂಕ ಯಾವುದು, ಯಾತಕ್ಕಾಗಿ ಬಂದಿದ್ದೀರಿ, ಯಾವ ಕಾಲು. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಕೊನೆಗೆ ಸಿಟ್ಟು ಬಂದು "ಇಲ್ಲಿ ಓದಲು ಬರುವವರು ಯಾರೂ ಇಲ್ಲವೇ" ಎಂದು ಕೇಳಿಯೇಬಿಟ್ಟರು. ಕೈಗೆ ಪಟ್ಟಿ ಕಟ್ಟಿದ್ದಾರೆ, ಕಂಪ್ಯೂಟರಿನಲ್ಲಿ ಎಲ್ಲವೂ ಇದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ ಎನ್ನುವುದು ನನ್ನ ಅಣ್ಣನ ವಾದ. ಮುಂದಿನ ತಿಂಗಳು ಬಲ ಮೊಣಗಂಟಿನ ಶಸ್ತ್ರಚಿಕಿತ್ಸೆ ಇದೆ. ಆಗ ಅಮ್ಮನ ಪರವಾಗಿ ನಾವೇ ಉತ್ತರ ಹೇಳಬಹುದೇ?
— ಓದುಗರೊಬ್ಬರು, ಕಾಪು

ಉತ್ತರ: ಮೊದಲು ನಿಮ್ಮ ಅಣ್ಣನ ವಾದವನ್ನು ನೋಡೋಣ. ಆ ಪ್ರಶ್ನೆಗಳನ್ನು ಕೇಳುವವರಲ್ಲಿ ಬಹುಪಾಲು ಮಂದಿ ಫೈಲು ಓದಿಕೊಂಡೇ ಬಂದಿರುತ್ತಾರೆ. ಫೈಲಿನ ಮೇಲೆ ಯಾರ ಹೆಸರಿದೆ, ಒಳಗೆ ಯಾವ ಶಸ್ತ್ರಚಿಕಿತ್ಸೆ ಎಂದು ಬರೆದಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಆದರೆ ತಮ್ಮ ಕೈಯಲ್ಲಿರುವ ಆ ಫೈಲು ಎದುರಿಗೆ ಮಲಗಿರುವ ವ್ಯಕ್ತಿಯದೇ ಹೌದೇ ಎಂಬುದನ್ನು ಫೈಲನ್ನು ಎಷ್ಟು ಸಲ ಓದಿದರೂ ತಿಳಿಯಲು ಬರುವುದಿಲ್ಲ. ಅದನ್ನು ಹೇಳಬಲ್ಲವರು ನಿಮ್ಮ ತಾಯಿ ಮಾತ್ರ. ಅರಿವಳಿಕೆ ತಜ್ಞನಾಗಿ ದಿನನಿತ್ಯ ಈ ಪ್ರಶ್ನೆಗಳನ್ನು ಕೇಳುವವರಲ್ಲಿ ನಾನೂ ಒಬ್ಬನಾದ್ದರಿಂದ, ಇದರ ಹಿಂದಿನ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಕಂಪ್ಯೂಟರಿನಲ್ಲಿ ಎಲ್ಲವೂ ಇರುವುದು ನಿಜ. ಆದರೆ ಆ ಮಾಹಿತಿ ಅದರೊಳಗೆ ಹೋದದ್ದು ನೋಂದಣಿ ಕೌಂಟರಿನಿಂದ. ಸೋಮವಾರ ಬೆಳಿಗ್ಗೆ ಕ್ಯೂ ಬಾಗಿಲಿನಾಚೆ ದಾಟಿರುವಾಗ, ಹಳೆಯ ನೋಂದಣಿಯನ್ನು ಹುಡುಕುವ ಗಡಿಬಿಡಿಯಲ್ಲಿ ಅದೇ ಹೆಸರಿನ ಬೇರೊಬ್ಬರ ದಾಖಲೆ ತೆರೆದುಕೊಂಡಿತು ಎಂದಿಟ್ಟುಕೊಳ್ಳಿ. ಆ ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ. ಕೈಪಟ್ಟಿ, ರಕ್ತದ ಟ್ಯೂಬಿಗೆ ಅಂಟಿಸುವ ಸ್ಟಿಕ್ಕರ್, ಎಕ್ಸ್‌ರೇ ಲಕೋಟೆ, ಔಷಧದ ಚೀಟಿ ಎಲ್ಲವೂ ಅದೇ ದಾಖಲೆಯಿಂದ ಮುದ್ರಣವಾಗಿ ಹೊರಬರುತ್ತವೆ. ಆಮೇಲೆ ಒಂದು ಕಾಗದವನ್ನು ಇನ್ನೊಂದರ ಜೊತೆ ಎಷ್ಟೇ ಶ್ರದ್ಧೆಯಿಂದ ತಾಳೆ ನೋಡಿದರೂ ಎಲ್ಲವೂ ಹೊಂದಿಕೊಳ್ಳುತ್ತವೆ, ಏಕೆಂದರೆ ಎಲ್ಲವೂ ಒಂದೇ ತಪ್ಪಿನ ಪ್ರತಿಗಳು. ಕಾಗದದ ಹೊರಗಿನಿಂದ, ರೋಗಿಯ ಬಾಯಿಯಿಂದ ಬರುವ ಉತ್ತರ ಮಾತ್ರ ಈ ಸರಪಣಿಗೆ ಸೇರಿಲ್ಲ. ಹಾಗಾಗಿ ಕೈಪಟ್ಟಿ ಕಟ್ಟಿದ ಮೇಲೂ ಹೆಸರು ಕೇಳುವುದು ನಿಲ್ಲುವುದಿಲ್ಲ.

ನಮ್ಮ ಕರಾವಳಿಯಲ್ಲಿ ಈ ತಾಳೆ ನೋಡುವ ಕೆಲಸ ಹೊರಗಿನವರು ಊಹಿಸುವುದಕ್ಕಿಂತ ಕಷ್ಟದ್ದು. ಒಂದೇ ವಾರ್ಡಿನಲ್ಲಿ ಇಬ್ಬರು ಜಯಂತಿ ಶೆಟ್ಟಿಯರು ಇರುವುದು ಇಲ್ಲಿ ಅಪರೂಪವಲ್ಲ. ಹಳೆಯ ಚೀಟಿಯಲ್ಲಿ ಲೀಲಾ ಪೂಜಾರ್ತಿ ಎಂದಿದ್ದವರು ಆಧಾರ್ ಕಾರ್ಡಿನಲ್ಲಿ ಲೀಲಾ ಪೂಜಾರಿ ಆಗಿರುತ್ತಾರೆ. ಹೆಸರಿನ ಮೊದಲಿಗೆ ಮೊಹಮ್ಮದ್ ಇರುವವರಲ್ಲಿ ಕೆಲವರದನ್ನು ಪೂರ್ತಿ ಬರೆದಿರುತ್ತಾರೆ, ಕೆಲವರದನ್ನು ಒಂದಕ್ಷರಕ್ಕೆ ಇಳಿಸಿರುತ್ತಾರೆ. ಕ್ರೈಸ್ತರ ಮನೆಗಳಲ್ಲಿ ಇಗರ್ಜಿಯ ದಾಖಲೆಯ ಹೆಸರು ಒಂದು, ಊರೆಲ್ಲ ಕರೆಯುವ ಹೆಸರು ಇನ್ನೊಂದು. ಕಾಸರಗೋಡಿನಿಂದ ಬರುವವರ ಕಾಗದಗಳಲ್ಲಿ ಹೆಸರು ಮಲಯಾಳದಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಕಂಪ್ಯೂಟರಿಗೆ ಬರುವಷ್ಟರಲ್ಲಿ ಒಂದೆರಡು ಅಕ್ಷರ ಬದಲಾಗಿರುತ್ತದೆ.

ಹುಟ್ಟಿದ ದಿನಾಂಕದ ಕಥೆಯೂ ಹೀಗೆಯೇ. ವರ್ಷ ಮಾತ್ರ ಗೊತ್ತಿರುವ ಹಿರಿಯರಿಗೆ ದಾಖಲೆಗಳಲ್ಲಿ ಜನವರಿ 1 ಎಂದು ತುಂಬಿಸುವ ರೂಢಿಯಿದೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡದ್ದೂ ಉಂಟು. ಹೀಗಾಗಿ ಒಂದೇ ಹೆಸರಿನ ಇಬ್ಬರಿಗೆ ಒಂದೇ ಜನ್ಮದಿನ ಬಂದುಬಿಡಬಹುದು. ಗಂಡನ ಹೆಸರು ಕೇಳಿ ತೀರ್ಮಾನಿಸೋಣವೆಂದರೆ ಹಳೆಯ ತಲೆಮಾರಿನ ಹೆಂಗಸರಲ್ಲಿ ಕೆಲವರು ಇಂದಿಗೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪಕ್ಕದಲ್ಲಿ ನಿಂತ ಮಗಳ ಮುಖ ನೋಡುತ್ತಾರೆ. (ಇದು ದೂರಲ್ಲ. ಕೇಳುವವರಿಗೆ ಮೊದಲೇ ತಿಳಿದಿರಬೇಕಾದ ಸಂಗತಿ, ಅಷ್ಟೆ.)

ಈ ಕಾರಣಕ್ಕಾಗಿಯೇ ಹೆಸರೊಂದನ್ನೇ ನೆಚ್ಚಿಕೊಳ್ಳದೆ ಕನಿಷ್ಠ ಎರಡು ಗುರುತುಗಳನ್ನು ನೋಡಬೇಕೆಂಬ ನಿಯಮವಿದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಗಳ ಸುರಕ್ಷತೆಗಾಗಿ ಪ್ರಕಟಿಸಿದ ಒಂಬತ್ತು ಪರಿಹಾರಗಳಲ್ಲಿ ರೋಗಿಯ ಗುರುತನ್ನು ಖಚಿತಪಡಿಸಿಕೊಳ್ಳುವುದೂ ಒಂದಾಗಿತ್ತು. ನಮ್ಮ ದೇಶದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಎನ್‌ಎಬಿಎಚ್ ಕೂಡ ಎರಡು ಗುರುತುಗಳನ್ನು ಬೇಡುತ್ತದೆ. ಸಾಮಾನ್ಯವಾಗಿ ಪೂರ್ಣ ಹೆಸರು ಒಂದು, ಆಸ್ಪತ್ರೆಯ ನೋಂದಣಿ ಸಂಖ್ಯೆ ಅಥವಾ ಹುಟ್ಟಿದ ದಿನಾಂಕ ಇನ್ನೊಂದು. ಹಾಸಿಗೆಯ ಸಂಖ್ಯೆಯನ್ನು ಗುರುತಾಗಿ ಬಳಸಬಾರದು, ಏಕೆಂದರೆ ಕಿಟಕಿಯ ಗಾಳಿಗೋ ಫ್ಯಾನಿಗೋ ಆಸೆಪಟ್ಟು ರೋಗಿಗಳು ಹಾಸಿಗೆ ಬದಲಾಯಿಸಿಕೊಳ್ಳುವುದು ಎಲ್ಲ ವಾರ್ಡುಗಳಲ್ಲೂ ನಡೆಯುತ್ತದೆ.

ಪ್ರಶ್ನೆಯನ್ನು ಹೇಗೆ ಕೇಳುತ್ತಾರೆ ಎಂಬುದನ್ನೂ ನೀವು ಗಮನಿಸಬೇಕು. "ನೀವು ಜಯಂತಿ ಅಮ್ಮ ಅಲ್ಲವೇ?" ಎಂದು ಕೇಳಿದರೆ ಅದಕ್ಕೆ ಬೆಲೆಯೇ ಇಲ್ಲ. ಕಿವಿ ಮಂದವಾದವರು, ನಿದ್ದೆ ಮಾತ್ರೆಯ ಮಂಪರಿನಲ್ಲಿರುವವರು, ಡಾಕ್ಟರ ಎದುರು ಇಲ್ಲವೆನ್ನಲು ಸಂಕೋಚಪಡುವವರು, ಎಲ್ಲರೂ "ಹ್ಞಾಂ" ಎಂದು ತಲೆಯಾಡಿಸುತ್ತಾರೆ. "ನಿಮ್ಮ ಹೆಸರು ಹೇಳಿ ಅಮ್ಮ" ಎಂದು ಕೇಳಿ, ಬಂದ ಉತ್ತರವನ್ನು ಕೈಪಟ್ಟಿಯ ಜೊತೆ ಹೋಲಿಸುವುದು ಸರಿಯಾದ ಕ್ರಮ. ತುಳು ಮಾತ್ರ ಬಲ್ಲ ಅಜ್ಜಿಯನ್ನು "ಈರೆನ ಪುದರ್ ದಾದ?" ಎಂದೇ ಕೇಳಬೇಕು. ಬರುವ ಉತ್ತರವನ್ನು ಅರ್ಥಮಾಡಿಕೊಳ್ಳಬಲ್ಲ ಒಬ್ಬರಾದರೂ ಆ ಪಾಳಿಯಲ್ಲಿ ಇರುವಂತೆ ನೋಡಿಕೊಳ್ಳುವುದು ಆಸ್ಪತ್ರೆಯ ಹೊಣೆ.

ಗುರುತಿನ ತಪ್ಪು ಅತಿ ಬೇಗ ಜೀವಕ್ಕೆ ಎರವಾಗುವುದು ರಕ್ತ ಕೊಡುವಾಗ. ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದ್ದು 1901ರಲ್ಲಿ. ಅಂದಿನಿಂದ ಪರೀಕ್ಷೆಯ ವಿಧಾನಗಳು ಎಷ್ಟೋ ಮುಂದುವರಿದಿವೆ. ಇಂದು ಗುಂಪು ತಪ್ಪಿದ ರಕ್ತ ರೋಗಿಗೆ ಹೋದರೆ ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯ ದೋಷಕ್ಕಿಂತ ಒಬ್ಬರ ಟ್ಯೂಬಿಗೆ ಇನ್ನೊಬ್ಬರ ಹೆಸರು ಅಂಟಿದ್ದು ಅಥವಾ ಒಬ್ಬರ ಚೀಲ ಇನ್ನೊಬ್ಬರ ಹಾಸಿಗೆಗೆ ಹೋದದ್ದು ಕಾರಣವಾಗಿರುವುದೇ ಹೆಚ್ಚು. ಓ ಗುಂಪಿನ ರೋಗಿಗೆ ಎ ಗುಂಪಿನ ಕೆಂಪು ರಕ್ತಕಣಗಳು ಹೋದರೆ, ಅವರ ಶರೀರದಲ್ಲಿ ಮೊದಲಿನಿಂದಲೇ ಇರುವ ಪ್ರತಿಕಾಯಗಳು ಆ ಕಣಗಳನ್ನು ರಕ್ತನಾಳದೊಳಗೇ ಒಡೆಯತೊಡಗುತ್ತವೆ. ಇದಕ್ಕೆ ಪೂರ್ತಿ ಚೀಲ ಬೇಕಾಗಿಲ್ಲ, ಕೆಲವು ಹತ್ತು ಮಿಲಿಲೀಟರ್ ಸಾಕಾಗಬಹುದು. ಎಚ್ಚರವಿರುವ ರೋಗಿಯಾದರೆ ನಡುಕ, ಬೆನ್ನುನೋವು, ಎದೆ ಬಿಗಿತ ಎಂದು ಹೇಳಿಕೊಳ್ಳುತ್ತಾರೆ. ಪೂರ್ಣ ಅರಿವಳಿಕೆಯಲ್ಲಿರುವವರು ಏನನ್ನೂ ಹೇಳಲಾರರು. ರಕ್ತದೊತ್ತಡ ಕುಸಿಯುವುದು, ಮೂತ್ರ ಕಪ್ಪುಗೆಂಪಾಗುವುದು, ಗಾಯದಿಂದ ರಕ್ತ ಜಿನುಗುವುದು ನಿಲ್ಲದಿರುವುದು, ಇವನ್ನು ನೋಡಿಯೇ ನಾವು ಊಹಿಸಬೇಕಾಗುತ್ತದೆ, ಅಷ್ಟರಲ್ಲಿ ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿರಬಹುದು.

ರಕ್ತ ತೆಗೆಯುವವರು ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ಮುಂದಿನ ಸಲ ಹತ್ತಿರದಿಂದ ನೋಡಿ. ಕ್ರಮ ಬಲ್ಲವರು ಮೊದಲು ಹೆಸರು ಕೇಳಿ, ಕೈಪಟ್ಟಿ ನೋಡಿ, ಆಮೇಲೆ ರಕ್ತ ತೆಗೆದು, ರೋಗಿಯ ಪಕ್ಕದಿಂದ ಕದಲದೆ ಅಲ್ಲಿಯೇ ಟ್ಯೂಬಿಗೆ ಸ್ಟಿಕ್ಕರ್ ಅಂಟಿಸುತ್ತಾರೆ. ಖಾಲಿ ಟ್ಯೂಬುಗಳಿಗೆ ಮೊದಲೇ ಹೆಸರು ಅಂಟಿಸಿಕೊಂಡು ಬರುವುದು, ನಾಲ್ಕು ಜನರ ರಕ್ತ ತೆಗೆದು ಟ್ರೇಯಲ್ಲಿಟ್ಟುಕೊಂಡು ಹೋಗಿ ಸಿಸ್ಟರುಗಳ ಮೇಜಿನ ಬಳಿ ಕುಳಿತು ಅಂಟಿಸುವುದು, ಇವೆರಡೂ ಅಪಾಯದ ಅಭ್ಯಾಸಗಳು. ಗುಂಪು ಖಚಿತಪಡಿಸಲು ಅನೇಕ ಕಡೆ ಬೇರೆ ಸಮಯದಲ್ಲಿ ಎರಡನೆಯ ಸ್ಯಾಂಪಲ್ ಕೇಳುವುದೂ ಇದೇ ಕಾರಣಕ್ಕೆ. ಮೊದಲ ಟ್ಯೂಬು ಬೇರೆಯವರದಾಗಿದ್ದರೆ ಎರಡನೆಯದು ಅದನ್ನು ಬಯಲು ಮಾಡೀತು. "ಮೊನ್ನೆಯಷ್ಟೇ ನೋಡಿದ್ದಾರಲ್ಲ, ಲೈಸೆನ್ಸಿನಲ್ಲೂ ಬರೆದಿದೆ" ಎಂದು ಮನೆಯವರು ಹೇಳುತ್ತಾರೆ. ಲೈಸೆನ್ಸಿನಲ್ಲಿ ಬರೆದ ಗುಂಪನ್ನು ನಂಬಿ ಯಾವ ರಕ್ತನಿಧಿಯೂ ರಕ್ತ ಕೊಡುವುದಿಲ್ಲ. ಕೊನೆಗೆ ಚೀಲ ಬಂದಾಗ ಹಾಸಿಗೆಯ ಪಕ್ಕದಲ್ಲಿ ಇಬ್ಬರು ನಿಂತು, ಒಬ್ಬರು ಕೈಪಟ್ಟಿಯನ್ನೂ ಇನ್ನೊಬ್ಬರು ಚೀಲದ ಚೀಟಿಯನ್ನೂ ಗಟ್ಟಿಯಾಗಿ ಓದಿ, ಹೆಸರು, ನೋಂದಣಿ ಸಂಖ್ಯೆ, ಗುಂಪು, ಚೀಲದ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಎಲ್ಲವನ್ನೂ ತಾಳೆ ನೋಡಬೇಕು. ಆ ನಂತರದ ಮೊದಲ 15 ನಿಮಿಷ ರೋಗಿಯ ಮೇಲೆ ಕಣ್ಣಿಟ್ಟಿರಬೇಕು.

ಇನ್ನು "ಯಾತಕ್ಕಾಗಿ ಬಂದಿದ್ದೀರಿ, ಯಾವ ಕಾಲು" ಎಂಬ ಪ್ರಶ್ನೆಗೆ ಬರೋಣ. ಮೊದಲ ಪ್ರಶ್ನೆ ವ್ಯಕ್ತಿಯನ್ನು ಕುರಿತದ್ದು, ಇದು ಮಾಡಲಿರುವ ಕೆಲಸವನ್ನು ಕುರಿತದ್ದು. ವ್ಯಕ್ತಿ ಸರಿಯಾಗಿದ್ದೂ ಕಾಲು ತಪ್ಪಾಗಬಹುದು. ಓಟಿಯೊಳಗೆ ಹಸಿರು ಬಟ್ಟೆ ಹೊದಿಸಿದ ಮೇಲೆ ಶಸ್ತ್ರಚಿಕಿತ್ಸಕರಿಗೆ ಕಾಣುವುದು ಚರ್ಮದ ಒಂದು ಚೌಕ ಮಾತ್ರ, ಮುಖ ಕಾಣುವುದಿಲ್ಲ. ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸುವಾಗ ಮಗುಚಿಹೋದರೆ ಎಡ ಬಲವಾಗುತ್ತದೆ. ರೋಗಿಯನ್ನು ಬೋರಲು ಮಲಗಿಸುವ ಶಸ್ತ್ರಚಿಕಿತ್ಸೆಗಳಲ್ಲಿ ಈ ಗೊಂದಲ ಇನ್ನೂ ಸುಲಭ. ಆದ್ದರಿಂದ ರೋಗಿ ಎಚ್ಚರವಾಗಿರುವಾಗಲೇ, ಅವರನ್ನು ಕೇಳಿಯೇ, ಶಸ್ತ್ರಚಿಕಿತ್ಸಕರು ಚರ್ಮದ ಮೇಲೆ ಅಳಿಸದ ಶಾಯಿಯಿಂದ ಗುರುತು ಹಾಕುತ್ತಾರೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ತೊಡಕಿದೆ: ಒಳಗೆ ಕೂರಿಸುವ ಮಸೂರದ ಶಕ್ತಿಯನ್ನು ಪ್ರತಿ ಕಣ್ಣಿಗೂ ಬೇರೆಯಾಗಿ ಅಳೆದಿರುತ್ತಾರೆ. ಹಾಗಾಗಿ ಕಣ್ಣು ಸರಿಯಿದ್ದೂ ಇನ್ನೊಬ್ಬರ ಅಳತೆಯ ಹಾಳೆ ಫೈಲಿಗೆ ಸೇರಿದ್ದರೆ ದೃಷ್ಟಿ ಸರಿಯಾಗಿ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಒಂದು ತಪಾಸಣಾ ಪಟ್ಟಿಯನ್ನು ಹೊರತಂದಿತು. ಅರಿವಳಿಕೆ ಕೊಡುವ ಮೊದಲು ನೋಡಬೇಕಾದ ಭಾಗದ ಮೊದಲ ಅಂಶವೇ ರೋಗಿ ತನ್ನ ಗುರುತು, ಶಸ್ತ್ರಚಿಕಿತ್ಸೆಯ ಜಾಗ, ಅದರ ಬಗೆ ಮತ್ತು ತನ್ನ ಒಪ್ಪಿಗೆಯನ್ನು ದೃಢಪಡಿಸಿದ್ದಾರೆಯೇ ಎಂಬುದು. ಹೊಸದಿಲ್ಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಪಟ್ಟಿಯನ್ನು ಬಳಕೆಗೆ ತಂದ ನಂತರ ಶಸ್ತ್ರಚಿಕಿತ್ಸೆಯ ರೋಗಿಗಳ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೂ, ತೊಡಕುಗಳ ಪ್ರಮಾಣ ಶೇ. 11ರಿಂದ 7ಕ್ಕೂ ಇಳಿದಿತ್ತು. ಈ ಇಳಿಕೆಯ ಶ್ರೇಯಸ್ಸೆಲ್ಲ ಹೆಸರು ಕೇಳುವ ಒಂದೇ ಪ್ರಶ್ನೆಗೆ ಸಲ್ಲುತ್ತದೆ ಎಂದು ನಾನು ಹೇಳಲಾರೆ. ಪಟ್ಟಿಯಲ್ಲಿ ಸೋಂಕುನಿರೋಧಕ ಔಷಧ, ರಕ್ತಸ್ರಾವದ ಸಿದ್ಧತೆ, ಬಳಸಿದ ಹತ್ತಿಬಟ್ಟೆಗಳ ಎಣಿಕೆ ಮುಂತಾದವೂ ಇವೆ. ಆದರೆ ಎಲ್ಲದಕ್ಕೂ ಮೊದಲು ಇಟ್ಟದ್ದು ಈ ಪ್ರಶ್ನೆಯನ್ನೇ.

"ಯಾತಕ್ಕಾಗಿ ಬಂದಿರಿ" ಎಂದು ನಾನು ಕೇಳುವಾಗ ಇನ್ನೂ ಒಂದನ್ನು ಆಲಿಸುತ್ತಿರುತ್ತೇನೆ. ದಿನ ನಿಗದಿಯಾದ ಮೇಲೆ ವಾರಗಳು ಕಳೆದಿರುತ್ತವೆ, ಈ ನಡುವೆ ಏನಾದರೂ ಬದಲಾಗಿರಬಹುದು. "ಮೊಣಗಂಟಿಗೇ ಬಂದದ್ದು, ಆದರೆ ನಿನ್ನೆ ರಾತ್ರಿಯಿಂದ ಎದೆಯಲ್ಲಿ ಒಂದು ತರಹ ಉರಿ" ಎಂಬ ಮಾತು ಎಷ್ಟೋ ಸಲ ಈ ಪ್ರಶ್ನೆಯ ಬಾಲವಾಗಿಯೇ ಹೊರಬರುತ್ತದೆ. ಉಪವಾಸದ ವಿಷಯವೂ ಅಷ್ಟೆ. ವಾರ್ಡಿನಲ್ಲಿ "ಏನೂ ತಿಂದಿಲ್ಲ" ಎಂದವರು ಓಟಿಯ ಬಾಗಿಲಿನಲ್ಲಿ ಮತ್ತೆ ಕೇಳಿದರೆ "ಬೆಳಿಗ್ಗೆ ಒಂದು ಚಾ ಮಾತ್ರ" ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಹಾಲು ಹಾಕಿದ ಚಾ ನೀರಿನ ಸಾಲಿಗೆ ಸೇರುವುದಿಲ್ಲ. ಬರಿಯ ನೀರನ್ನು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು, ಹಾಲಿಗೆ ಮತ್ತು ಹಗುರವಾದ ತಿಂಡಿಗೆ ಆರು ಗಂಟೆಯ ಅಂತರ ಬೇಕು. ಇಲ್ಲವಾದರೆ ಅರಿವು ತಪ್ಪಿದಾಗ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ನಾಲ್ಕನೆಯ ಸಲ ಕೇಳಿದಾಗ ಬರುವ ಉತ್ತರ ಮೊದಲ ಮೂರು ಸಲದ್ದೇ ಆಗಿರುತ್ತದೆ ಎಂದು ನಾವು ಎಣಿಸುವಂತಿಲ್ಲ.

ರೋಗಿ ತನ್ನ ಮಾತಿನಲ್ಲಿ ಹೇಳಬೇಕೆಂಬುದಕ್ಕೆ ಕಾನೂನಿನ ಆಧಾರವೂ ಇದೆ. ರೋಗನಿರ್ಣಯದ ತಪಾಸಣೆಗೆಂದು ಮಹಿಳೆಯೊಬ್ಬರು ಒಪ್ಪಿಗೆ ಕೊಟ್ಟಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದರು. ತುರ್ತು ಸ್ಥಿತಿ ಇಲ್ಲದಿರುವಾಗ ತಾಯಿಯ ಒಪ್ಪಿಗೆ ರೋಗಿಯ ಒಪ್ಪಿಗೆ ಆಗಲಾರದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ನೀಡಿತು. "ನಾಳೆ ಮೊಣಗಂಟಿಗೆ ಒಂದು ಇಂಜೆಕ್ಷನ್ ಕೊಡುತ್ತಾರಂತೆ" ಎಂದು ರೋಗಿ ಹೇಳಿದರೆ, ಫಾರಮಿನಲ್ಲಿ ಹೆಬ್ಬೆಟ್ಟು ಎಷ್ಟೇ ಸ್ಪಷ್ಟವಾಗಿ ಬಿದ್ದಿರಲಿ, ಅವರಿಗೆ ಸರಿಯಾಗಿ ವಿವರಿಸಿಲ್ಲ ಎಂದರ್ಥ, ಶಸ್ತ್ರಚಿಕಿತ್ಸಕರನ್ನು ಮತ್ತೆ ಕರೆಯಬೇಕು.

ಕೇಳುವುದಕ್ಕೆ ಒಂದೇ ರೀತಿ ಇದ್ದರೂ ಉದ್ದೇಶ ಬೇರೆಯಾಗಿರುವ ಸಂದರ್ಭಗಳೂ ಇವೆ. ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರ ಬಳಿ ರಾತ್ರಿಯಿಡೀ ಮತ್ತೆ ಮತ್ತೆ ಬಂದು "ಹೆಸರೇನು, ಈಗ ಎಲ್ಲಿದ್ದೀರಿ, ಇದು ಯಾವ ತಿಂಗಳು" ಎಂದು ಕೇಳುವುದು ಗುರುತಿಗಾಗಿ ಅಲ್ಲ. ಅದು ಪ್ರಜ್ಞೆಯ ಮಟ್ಟದ ಪರೀಕ್ಷೆ. 1974ರಿಂದ ಬಳಕೆಯಲ್ಲಿರುವ ಗ್ಲಾಸ್ಗೋ ಮಾಪಕದಲ್ಲಿ ಮಾತಿನ ಉತ್ತರಕ್ಕೇ ಪ್ರತ್ಯೇಕ ಅಂಕಗಳಿವೆ. ಹತ್ತು ಗಂಟೆಗೆ ಊರಿನ ಹೆಸರು ಸರಿಯಾಗಿ ಹೇಳಿದವರು ಹನ್ನೊಂದಕ್ಕೆ ತಡವರಿಸಿದರೆ ಮತ್ತೆ ಸ್ಕ್ಯಾನಿಂಗಿಗೆ ಕಳುಹಿಸಬೇಕಾಗಬಹುದು. ಹೊರರೋಗಿ ವಿಭಾಗದ ಕೌಂಟರಿನಲ್ಲಿ "ಯಾವುದಕ್ಕೆ ಬಂದದ್ದು" ಎನ್ನುವುದು ಯಾವ ವಿಭಾಗಕ್ಕೆ ಚೀಟಿ ಮಾಡಬೇಕೆಂದು ತಿಳಿಯಲು ಮಾತ್ರ. ಹತ್ತು ಜನ ಕೇಳಿಸಿಕೊಳ್ಳುವಂತೆ ಅಲ್ಲಿ ಕಾಯಿಲೆಯ ವಿವರ ಹೇಳಬೇಕಾಗಿಲ್ಲ, "ಸ್ತ್ರೀರೋಗ ವಿಭಾಗಕ್ಕೆ, ಉಳಿದದ್ದನ್ನು ಡಾಕ್ಟರಲ್ಲಿ ಹೇಳುತ್ತೇನೆ" ಎಂದರೆ ಸಾಕು. ಆಧಾರ್ ಕಾರ್ಡ್, ರೇಷನ್ ಕಾರ್ಡ್ ಕೇಳುವುದು ಬಿಲ್ಲು ಮತ್ತು ಸರ್ಕಾರಿ ಯೋಜನೆಗಳ ಸಲುವಾಗಿ. ಕಾರ್ಡ್ ತೋರಿಸಿಯಾಗಿದೆ ಎಂದು ವಾರ್ಡಿನಲ್ಲಿ ಹೆಸರು ಕೇಳುವುದನ್ನು ಬಿಡುವಂತಿಲ್ಲ.

ನಿಮ್ಮ ಅಣ್ಣನ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಯಾವಾಗಿನಿಂದ, ಹಿಂದೆ ಯಾವ ಶಸ್ತ್ರಚಿಕಿತ್ಸೆ ಆಗಿದೆ, ಮನೆಯಲ್ಲಿ ಯಾರಿಗೆ ಬಿಪಿ ಇದೆ ಎಂಬ ದೀರ್ಘ ವಿವರಗಳನ್ನು ಮೂರು ಫಾರಮುಗಳಿಗೆ ಮೂವರು ಪ್ರತ್ಯೇಕವಾಗಿ ಬರೆದುಕೊಳ್ಳುವುದರಲ್ಲಿ ನಿಜವಾಗಿಯೂ ವ್ಯವಸ್ಥೆಯ ಆಲಸ್ಯವಿದೆ. ಮಂಗಳೂರು, ಮಣಿಪಾಲಗಳ ಕಲಿಕೆಯ ಆಸ್ಪತ್ರೆಗಳಲ್ಲಿ ಇದರ ಮೇಲೆ ವಿದ್ಯಾರ್ಥಿಗಳೂ ಬಂದು ಕೇಳುತ್ತಾರೆ. ಆಯಾಸವಾಗಿದ್ದರೆ "ಈಗ ಬೇಡ" ಎಂದು ಅವರಿಗೆ ಹೇಳಲು ರೋಗಿಗೆ ಪೂರ್ಣ ಹಕ್ಕಿದೆ. ಆದರೆ ಔಷಧ, ರಕ್ತ, ಸ್ಕ್ಯಾನಿಂಗ್, ಶಸ್ತ್ರಚಿಕಿತ್ಸೆ ಇವುಗಳಿಗೆ ಸ್ವಲ್ಪ ಮುಂಚೆ ಕೇಳುವ ಎರಡು ಚಿಕ್ಕ ಪ್ರಶ್ನೆಗಳನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಯಾರಾದರೂ ಹೆಸರು ಕೇಳದೆ, ಕೈಪಟ್ಟಿಯನ್ನೂ ನೋಡದೆ ಇಂಜೆಕ್ಷನ್ ಕೊಡಲು ಬಂದರೆ "ಯಾರಿಗೆಂದು ಒಮ್ಮೆ ನೋಡುತ್ತೀರಾ ಸಿಸ್ಟರ್" ಎಂದು ನೀವೇ ಕೇಳಬೇಕು. ಆಸ್ಪತ್ರೆಯ ವಿರುದ್ಧ ದೂರು ಕೊಡುವುದಿದ್ದರೆ ಅದಕ್ಕೆ ಕೊಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಿಮ್ಮ ತಾಯಿಗೆ ಎಚ್ಚರವಿದ್ದು ನೆನಪು ಸರಿಯಿರುವವರೆಗೆ ಅವರ ಪರವಾಗಿ ಉತ್ತರಿಸಬೇಡಿ. ಚಿಕ್ಕ ಮಕ್ಕಳು, ಮರೆವಿನ ಕಾಯಿಲೆಯವರು, ಪ್ರಜ್ಞೆಯಿಲ್ಲದವರು ಇವರ ವಿಷಯದಲ್ಲಿ ಮನೆಯವರೇ ಹೇಳಬೇಕು. ಉಳಿದವರ ವಿಷಯದಲ್ಲಿ ಮಕ್ಕಳು ಮುಂದೆ ಬಿದ್ದು ಉತ್ತರಿಸಿದರೆ, ತಾಯಿಯ ಬಾಯಿಯಿಂದ ಬರಬೇಕಾಗಿದ್ದ ಸಾಕ್ಷ್ಯ ಇಲ್ಲವಾಗುತ್ತದೆ. ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಅದು ಇನ್ನೂ ಮುಖ್ಯ, ಏಕೆಂದರೆ ಈ ಸಲ ಅವರ ಫೈಲಿನಲ್ಲಿ ಎಡಗಾಲಿನ ಒಪ್ಪಿಗೆ ಪತ್ರ, ಎಡಗಾಲಿನ ಎಕ್ಸ್‌ರೇ, ಎಡಗಾಲಿನ ಡಿಸ್ಚಾರ್ಜ್ ಚೀಟಿ ಎಲ್ಲವೂ ಇರುತ್ತವೆ, ಬಲಗಾಲಿನ ಕಾಗದಗಳು ಅವುಗಳ ನಡುವೆ ಸೇರಿಕೊಂಡಿರುತ್ತವೆ. ಯಾವ ಕಾಲು ಎಂದು ಕೇಳಿದಾಗ ಬಾಯಿಯಲ್ಲಿ ಹೇಳುವುದರ ಜೊತೆಗೆ ಕೈಯಿಂದ ಮುಟ್ಟಿ ತೋರಿಸಲು ಅಮ್ಮನಿಗೆ ಹೇಳಿಕೊಡಿ. ಕೈಪಟ್ಟಿಯಲ್ಲಿ ಒಂದಕ್ಷರ ತಪ್ಪಿದ್ದರೂ ದಾಖಲಾದ ದಿನವೇ ಹೊಸದನ್ನು ಮಾಡಿಸಿ. ಗ್ಲುಕೋಸ್ ಹಾಕಲು ಅದನ್ನು ಕತ್ತರಿಸಿದರೆ ಮತ್ತೊಂದನ್ನು ಕಟ್ಟಿದ ಮೇಲೆಯೇ ಅವರನ್ನು ವಾರ್ಡಿನಿಂದ ಹೊರಡಲು ಬಿಡಿ. ಅವರು ಶ್ರವಣಯಂತ್ರ ಬಳಸುತ್ತಿದ್ದರೆ, ಕಟ್ಟಿಸಿದ ಹಲ್ಲಿನ ಜೊತೆಗೆ ಅದನ್ನೂ ವಾರ್ಡಿನಲ್ಲೇ ತೆಗೆಸಿಡುವ ಅಭ್ಯಾಸ ಕೆಲವು ಕಡೆ ಇದೆ. ಅರಿವಳಿಕೆ ಕೊಡುವವರೆಗೆ ಅದು ಕಿವಿಯಲ್ಲಿರಲಿ ಎಂದು ಹಿಂದಿನ ದಿನ ನೋಡಲು ಬರುವ ಅರಿವಳಿಕೆಯ ವೈದ್ಯರಲ್ಲಿ ಕೇಳಿಕೊಳ್ಳಿ, ಅಮ್ಮನ ಜೊತೆ ತುಳುವಿನಲ್ಲಿ ಮಾತನಾಡಬೇಕೋ ಕನ್ನಡದಲ್ಲೋ ಎಂಬುದನ್ನೂ ಅದೇ ಹೊತ್ತಿನಲ್ಲಿ ಫೈಲಿನ ಮೊದಲ ಪುಟದಲ್ಲಿ ಬರೆಸಿ.